ಹರಿವಾಣದ ಆಲ

ಆಲದ ಮರಕ್ಕೆ ಸಂಸ್ಕೃತದಲ್ಲಿ ನ್ಯಗ್ರೋಧವೆಂದು ಹೆಸರು. ಕೆಳಮುಖವಾಗಿ ಬೆಳೆಯತಕ್ಕದ್ದು ಎಂಬುದು ಆ ಪದದ ಅರ್ಥ. ಮಿಕ್ಕ ಮರಗಳೆಲ್ಲ ಆಕಾಶದ ಕಡೆಗೆ ಮುಖ ಮಾಡಿರುವಾಗ ಇದೊಂದು ಮರವು ಕೊಂಬೆಗಳಿಂದ ಬೇರುಗಳನ್ನು ಇಳಿಬಿಟ್ಟು ಮತ್ತೆ ಮತ್ತೆ ಭೂಮಿಯನ್ನು ಹುಡುಕುತ್ತದೆಂಬ ಸೋಜಿಗವನ್ನು ನಮ್ಮ ಹಿರಿಯರು ಕಂಡರು. ಬೇರೆ ಹೆಸರನ್ನು ಅರಸುವ ಶ್ರಮಕ್ಕೆ ಹೋಗದೆ ಆ ಗುಣವನ್ನೇ ಹೆಸರಾಗಿ ಇಟ್ಟರು. ಕನ್ನಡದಲ್ಲಿ ಆ ಬೇರಿಗೆ ಬಿಳಲು ಎನ್ನುತ್ತೇವೆ. ಚಿಕ್ಕಂದಿನಲ್ಲಿ ಅದನ್ನು ಹಿಡಿದು ಜೋಕಾಲಿಯಾಡದವರು ನಮ್ಮ ವಾಚಕರಲ್ಲಿ ವಿರಳವಾಗಿರಬೇಕು. ಆ ಬಿಳಲನ್ನು ಮನೆಯ ಮಾಳಿಗೆಯ ಮೇಲೆ, ಊಟದ ತಾಟಿಗಿಂತ ತುಸು ದೊಡ್ಡದಾದ ಕುಂಡದಲ್ಲಿ, ಮೊಳದುದ್ದದ ಮರವೊಂದರ ಕೊಂಬೆಯಿಂದ ಇಳಿಸುವ ಬಗೆ ಹೇಗೆಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ನಮ್ಮಲ್ಲಿಗೆ ಬಂದುಹೋಗುವ ಗೃಹಸ್ಥರು ಆ ಮರವನ್ನು ನೋಡಿ ಕೇಳುವ ಪ್ರಶ್ನೆಗಳಿಗೆ ನಿಂತಲ್ಲಿಯೇ ಕೊಡುವ ಉತ್ತರವು ಎಂದೂ ಪೂರ್ಣವಾಗುವುದಿಲ್ಲ. ಚಹವು ಆರುತ್ತದೆ, ಮಾತು ಬೇರೆ ಕಡೆಗೆ ಹೊರಳುತ್ತದೆ.

ಇಂಥ ಕಿರುಮರಗಳಿಗೆ ಜಪಾನೀಯರು ‘ಬೊನ್ಸಾಯ್’ ಎನ್ನುತ್ತಾರೆ. ‘ಬೊನ್’ ಎಂದರೆ ತಗ್ಗು ಅಂಚಿನ ಪಾತ್ರೆ, ‘ಸಾಯ್’ ಎಂದರೆ ನೆಡುವಿಕೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹರಿವಾಣದಲ್ಲಿ ನೆಟ್ಟದ್ದು. ವಿದ್ಯೆಯು ಹುಟ್ಟಿದ್ದು ಚೀನದಲ್ಲಿ. ಜಪಾನಿನಲ್ಲಿ ಅದು ತನ್ನದೇ ಆದ ರೂಪವನ್ನು ತಾಳಿತು. ಅಲ್ಲಿಯವರು ಹೆಚ್ಚಾಗಿ ಬೆಳೆಸುವುದು ಪೈನ್, ಮೇಪಲ್ ಮೊದಲಾದ ಚಳಿನಾಡಿನ ಮರಗಳನ್ನು. ಆ ನಾಡಿನ ಪುಸ್ತಕಗಳನ್ನು ಓದಿ ನಮ್ಮ ಆಲಕ್ಕೆ ಮಾಘಮಾಸದಲ್ಲಿ ಬೇರು ಕತ್ತರಿಸುವವರನ್ನು ನಾವು ಬಲ್ಲೆವು. ಚಳಿಗಾಲದ ಕೊನೆಗೆ ಮರವು ನಿದ್ದೆ ತಿಳಿದು ಏಳುವ ಹೊತ್ತು ಅಲ್ಲಿಗೆ ತಕ್ಕದ್ದು, ಸರಿಯೆ. ನಮ್ಮ ಆಲಕ್ಕೆ ಅಂಥ ನಿದ್ದೆಯಿಲ್ಲ. ಅದರ ಪಂಚಾಂಗವು ಮಳೆಯ ಪಂಚಾಂಗ. ದಕ್ಷಿಣ ಚೀನ, ತೈವಾನ್ ಮೊದಲಾದ ಬಿಸಿಲ ನಾಡುಗಳವರು ಆಲದ ಜಾತಿಯ ಮರಗಳನ್ನೇ ಕುಂಡಗಳಲ್ಲಿ ಬೆಳೆಸಿ ಬಿಳಲು ಬಿಡಿಸುವುದರಲ್ಲಿ ನಿಪುಣರಾಗಿದ್ದಾರೆ. ನಮಗೆ ಹತ್ತಿರದ ಗುರುಗಳು ಅವರೇ.

ಆಲದ ಕುಲವು ದೊಡ್ಡದು. ಅರಳಿ, ಅತ್ತಿ, ಬಸರಿ, ಗೋಣಿ ಇವೆಲ್ಲ ಒಂದೇ ವಂಶದವು. ಮುರಿದರೆ ಬಿಳಿಯ ಹಾಲು ಸುರಿಯುವುದೂ ಹೂವುಗಳನ್ನು ಕಾಯಿಯಂಥ ಚೀಲದೊಳಗೆ ಅಡಗಿಸಿಕೊಂಡಿರುವುದೂ ಇವುಗಳ ಮನೆತನದ ಗುರುತು. ಕುಂಡದಲ್ಲಿ ಬೆಳೆಸಲು ಇವುಗಳಲ್ಲಿ ಸುಲಭವಾದುದು ಪಿಲಾಲ. ಕೆಲವೆಡೆ ಇದಕ್ಕೆ ಕಿರುಗೋಳಿ ಎಂದೂ ಹೆಸರುಂಟು. ಸಸಿ ಮಾರುವವರಲ್ಲಿ ಸುಮ್ಮನೆ ‘ಫೈಕಸ್’ ಎಂದು ಕೇಳಿದರೆ ಸಾಮಾನ್ಯವಾಗಿ ಇದನ್ನೋ ಇದರ ಹತ್ತಿರದ ಬಂಧುವನ್ನೋ ಕೊಡುತ್ತಾರೆ. ಎಲೆ ಚಿಕ್ಕದು, ಕೊಂಬೆ ಒತ್ತಾಗಿ ಒಡೆಯುತ್ತದೆ, ಬಿಳಲನ್ನು ಬೇಗ ಬಿಡುತ್ತದೆ. ಹೊಸದಾಗಿ ಕೈಹಾಕುವವರು ಇದನ್ನೇ ಆರಿಸಿಕೊಳ್ಳುವುದು ಜಾಣತನ. ನಿಜವಾದ ಆಲದ ಎಲೆಯಾದರೋ ಪತ್ರಾವಳಿ ಹಚ್ಚುವಂಥದು. ಅಂಥ ಎಲೆಗಳನ್ನು ಹೊತ್ತ ಮೊಳದುದ್ದದ ಮರವು ತಂದೆಯ ಕೋಟನ್ನು ತೊಟ್ಟ ಹುಡುಗನಂತೆ ಕಾಣುತ್ತದೆ. ಹಲವು ವರ್ಷ ಚಿಗುರನ್ನು ಚಿವುಟುತ್ತ ಬಂದರೆ ಎಲೆಗಳು ಕಿರಿದಾಗುತ್ತವೆ; ಆದರೂ ಪಿಲಾಲದಷ್ಟು ಆಗುವುದಿಲ್ಲ.

ಹೀಗಿದ್ದೂ ನಾವು ಆಲವನ್ನೇ ಹಿಡಿದುದಕ್ಕೆ ಕಾರಣವಿದೆ. ಧಾರವಾಡದ ನಮ್ಮ ಓಣಿಯ ತುದಿಯಲ್ಲಿ ಒಂದು ಹಳೆಯ ಆಲವಿತ್ತು. ಜ್ಯೇಷ್ಠ ಮಾಸದ ಹುಣ್ಣಿಮೆಯು ಒಕ್ಕಲಿಗರಿಗೆ ಕಾರಹುಣ್ಣಿಮೆ. ಮುತ್ತೈದೆಯರಿಗೆ ಅದೇ ವಟಸಾವಿತ್ರಿಯ ದಿನ. ಎತ್ತುಗಳಿಗೆ ಬಣ್ಣ ಬಳಿಯುವ ಹೊತ್ತಿಗೆ ಇತ್ತ ಹೆಣ್ಣುಮಕ್ಕಳು ಆಲದ ಬುಡಕ್ಕೆ ನೂಲು ಸುತ್ತಿ ಪ್ರದಕ್ಷಿಣೆ ಮಾಡುತ್ತಾರೆ. ೨೦೧೨ರಲ್ಲಿ ಹುಣ್ಣಿಮೆಗೆ ಎರಡೇ ದಿನ ಉಳಿದಿರುವಾಗ ರಸ್ತೆಯನ್ನು ಅಗಲಿಸುವವರು ಬಂದು ಆ ಮರವನ್ನು ಕೆಡವಿದರು. ಮರವು ಬಿದ್ದ ಸದ್ದಿಗಿಂತ ಆಮೇಲೆ ಓಣಿಯಲ್ಲಿ ತುಂಬಿಕೊಂಡ ಬಿಸಿಲು ನಮಗೆ ಹೆಚ್ಚು ನೆನಪಿದೆ. ಮರವಿಲ್ಲದ ಊರಿನವರು ಮಾಡುವಂತೆ ಆ ವರ್ಷ ಓಣಿಯ ಹೆಂಗಸರೂ ದಾರಿಯ ಬದಿಗೆ ಬಿದ್ದಿದ್ದ ರಾಶಿಯಿಂದ ಒಂದೊಂದು ಟೊಂಗೆಯನ್ನು ಮನೆಗೆ ತಂದು ತಂಬಿಗೆಯಲ್ಲಿಟ್ಟು ಪೂಜಿಸಿದರು. ಪೂಜೆ ಮುಗಿದ ಟೊಂಗೆಯನ್ನು ಮರುದಿನ ಬಾವಿಗೋ ಕೆರೆಗೋ ಬಿಡುವುದು ವಾಡಿಕೆ. ನಮ್ಮ ಅತ್ತಿಗೆಯವರು ತಂದದ್ದು ಹೆಬ್ಬೆರಳ ಗಾತ್ರದ ಬಲಿತ ಟೊಂಗೆ. ಅದನ್ನು ನಾವು ಕೇಳಿ ಪಡೆದೆವು.

ಈ ಕುಲದ ಧಾರಾಳ ದೊಡ್ಡದು: ಬೆರಳುಗಾತ್ರದ ಕಡ್ಡಿಯಿಂದ ತೋಳುಗಾತ್ರದ ಕೊಂಬೆಯವರೆಗೆ ಎಂಥದನ್ನು ನೆಟ್ಟರೂ, ಹವೆ ಒದಗಿಬಂದರೆ, ಬೇರು ಬಿಡುತ್ತದೆ. ಜ್ಯೇಷ್ಠದ ಹುಣ್ಣಿಮೆ ಬರುವುದು ನೈರುತ್ಯ ಮಳೆಯು ಕಾಲಿಡುವ ಹೊತ್ತಿಗೆ. ವ್ರತವನ್ನು ಏರ್ಪಡಿಸಿದವರು ತೋಟಗಾರಿಕೆಯನ್ನು ಮನಸ್ಸಿನಲ್ಲಿಟ್ಟಿದ್ದರೆಂದು ನಾವು ವಾದಿಸುವುದಿಲ್ಲ. ಆದರೆ ಟೊಂಗೆ ನೆಡಲು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ವಾರವು ನಮ್ಮ ಸೀಮೆಯಲ್ಲಿ ಸಿಕ್ಕುವುದಿಲ್ಲ. ಪ್ರತಿವರ್ಷವೂ ಎಷ್ಟೋ ಟೊಂಗೆಗಳು ಪೂಜೆಯ ಮರುದಿನ ಕಸಕ್ಕೆ ಹೋಗುತ್ತವೆ.

ನೆಡುವ ಕ್ರಮವು ಹೀಗೆ. ಗೇಣುದ್ದದ ಬಲಿತ ಟೊಂಗೆಯನ್ನು ತೆಗೆದುಕೊಂಡು ಎಲೆ ಹುಟ್ಟುವ ಗೆಣ್ಣಿನ ಕೆಳಗೆ ಹರಿತವಾದ ಚೂರಿಯಿಂದ ಓರೆಯಾಗಿ ಕೊಯ್ಯಬೇಕು. ಹಾಲು ಧಾರೆಯಾಗಿ ಬರುತ್ತದೆ. ಅದು ಚರ್ಮಕ್ಕೆ ತುರಿಕೆ ತಂದೀತು, ಕಣ್ಣಿಗೆ ಖಂಡಿತ ತಾಕಬಾರದು. ಕೊಯ್ದ ಮುಖವನ್ನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಕೆಲವು ಗಂಟೆ ಆರಗೊಟ್ಟರೆ ಹಾಲು ನಿಲ್ಲುತ್ತದೆ. ತುದಿಯ ಎರಡು ಎಲೆಗಳನ್ನು ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸಿ, ಉಳಿದುದನ್ನು ಕಿತ್ತುಬಿಡಬೇಕು. ಬೇರಿಲ್ಲದ ಕಡ್ಡಿಗೆ ಅಷ್ಟೊಂದು ಎಲೆಗಳ ದಾಹವನ್ನು ತೀರಿಸುವ ಶಕ್ತಿಯಿರುವುದಿಲ್ಲ. ಅರ್ಧ ದಪ್ಪ ಮರಳು, ಅರ್ಧ ತೆಂಗಿನ ನಾರಿನ ಪುಡಿ ಬೆರೆಸಿದ ಕುಂಡದಲ್ಲಿ ಮೂರರಲ್ಲೊಂದು ಭಾಗ ಹೂತು, ಮರದ ನೆರಳಿನಲ್ಲಿಯೋ ಜಗುಲಿಯ ಅಂಚಿನಲ್ಲಿಯೋ ಇಟ್ಟರಾಯಿತು. ಬೇರು ಬರಿಸುವ ಪುಡಿಗಳು ಅಂಗಡಿಯಲ್ಲಿ ಸಿಕ್ಕುತ್ತವೆ. ಆಲಕ್ಕೆ ಅವು ಬೇಕಿಲ್ಲ. ಬೇಕಾದುದು ಕಡ್ಡಿಯನ್ನು ಅಲುಗಿಸಿ ನೋಡದಿರುವ ಸಂಯಮ. ನಮ್ಮ ಟೊಂಗೆಯು ಐದನೆಯ ವಾರಕ್ಕೆ, ಆಷಾಢದಲ್ಲಿ, ಕೆಂಪು ಪೊರೆಯೊಳಗಿಂದ ಮೊದಲ ಚಿಗುರನ್ನು ಬಿಚ್ಚಿತು.

ಬೀಜದಿಂದ ಹುಟ್ಟಿದ್ದು ಮಗು. ಟೊಂಗೆಯಿಂದ ಎದ್ದದ್ದು ಮಗುವಲ್ಲ, ಅದೇ ಮರ. ತಾಯಿಮರದ ಜೀವಕೋಶಗಳೇ ಇಲ್ಲಿ ಬೆಳೆಯುತ್ತಿರುವುದರಿಂದ ಗುಣದಲ್ಲಿ ಎಳ್ಳಷ್ಟೂ ಭೇದವಿಲ್ಲ. ಓಣಿಯ ಮರವು ಸತ್ತಿತೆಂದು ನಾವು ಹೇಳುತ್ತಿದ್ದುದು ಹಾಗಾದರೆ ಸಸ್ಯಶಾಸ್ತ್ರದ ದೃಷ್ಟಿಯಿಂದ ಅಷ್ಟು ನಿಜವಲ್ಲ. ಇದನ್ನು ಅತ್ತಿಗೆಯವರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಚಲೋ ನೋಡ್ಕೊ” ಎಂದರು.

ಆದರೆ ಮೂರು ವರ್ಷ ದೊಡ್ಡ ಕುಂಡದಲ್ಲಿ ಮನಬಂದಂತೆ ಬೆಳೆದು ಮಣಿಕಟ್ಟಿನಷ್ಟು ದಪ್ಪವಾದ ಆ ಮರವನ್ನು ೨೦೧೬ರ ಮಳೆಗಾಲದ ಆರಂಭದಲ್ಲಿ ನಾವು ಮೊಳದುದ್ದಕ್ಕೆ ಕತ್ತರಿಸಿ, ಬೇರುಗಳನ್ನು ಸವರಿ, ತಗ್ಗು ಅಂಚಿನ ಕುಂಡಕ್ಕೆ ಇಳಿಸಿ, ಕೊಂಬೆಗಳಿಗೆ ಅಲ್ಯುಮಿನಿಯಂ ತಂತಿ ಸುತ್ತುತ್ತಿರುವಾಗ ಅವರ ಮನಸ್ಸು ಕುದಿಯಿತು. ನಮ್ಮನ್ನು ಚಿಕ್ಕಂದಿನಿಂದ ಕಂಡವರಾದ್ದರಿಂದ ಅವರು ಮಾತಿಗೆ ಮುಸುಕು ಹಾಕುವವರಲ್ಲ. “ಬಯಲಾಗ ಬೆಳಿಯೋ ಗಿಡಾನ ತಾಟಿನ್ಯಾಗ ಕೂಡಿಸಿ, ಬೇರು ಕತ್ತರಿಸಿ, ತಂತಿ ಬಿಗಿದು ಕುಂತೀಯಲ್ಲೊ, ಅದಕ್ಕ ಹಸಿವಿ ನೀರಡಿಕಿ ಇಲ್ಲೇನು? ಅದಕ್ಕ ಬಾಯಿ ಇದ್ದಿದ್ರ ನಿನಗ ಏನಂತಿತ್ತು?” ನಮ್ಮ ಕಡೆಯವರು ಎಷ್ಟು ದೊಡ್ಡ ಮರವನ್ನಾದರೂ ಗಿಡವೆಂದೇ ಕರೆಯುವುದು, ಆ ದಿನ ಆ ಮಾತು ಸರಿಯಾಗಿಯೇ ಒಪ್ಪಿತು. ಇದನ್ನು ಮುಂದಿನ ಹುಣ್ಣಿಮೆಗೆ ಪೂಜಿಸಬಹುದಲ್ಲವೇ ಎಂದು ನಾವು ಸಮಾಧಾನದ ಮಾತೆತ್ತಿದೆವು. ಅದಕ್ಕವರು ಇಟ್ಟ ಕರಾರು ಇಷ್ಟೇ: “ತಾನ ಆಗಿ ನೆಲಕ್ಕ ಬಿಳಲು ಬಿಡ್ಲಿ. ಆಮ್ಯಾಲ ಅದಕ್ಕ ಆಲದ ಗಿಡಾ ಅಂತೀನಿ.”

ಅವರ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಹಲವರು ಕೇಳುತ್ತಾರೆ. ಮರವನ್ನು ಉಪವಾಸ ಕೆಡವಿ ಕುಳ್ಳಾಗಿಸುತ್ತಾರೆಂಬುದು ಜನರ ಕಲ್ಪನೆ. ಉಪವಾಸ ಕೆಡವಿದ ಮರ ಬದುಕುವುದಿಲ್ಲ. ಬಿಳಲನ್ನಂತೂ ಬಿಡುವುದೇ ಇಲ್ಲ. ಕುಂಡದ ಮರಕ್ಕೆ ನೆಲದ ಮರಕ್ಕಿಂತ ಹೆಚ್ಚು ಬಾರಿ ಗೊಬ್ಬರವನ್ನು, ದಿನಂಪ್ರತಿ ನೀರನ್ನು ಕೊಡಬೇಕು. ಅದು ಚಿಕ್ಕದಾಗಿ ಉಳಿಯುವುದು ಚಿಗುರನ್ನು ಚಿವುಟುವುದರಿಂದ, ಬೇರಿಗೆ ಹರಡಲು ಇಷ್ಟೇ ಎಡೆಯಿರುವುದರಿಂದ. ಇಟ್ಟಿಗೆಯ ಚೂರು, ದಪ್ಪ ಮರಳು, ಹಳೆಯ ಎಲೆಗೊಬ್ಬರ ಇವನ್ನು ಸಮನಾಗಿ ಬೆರೆಸಿದರೆ ನೀರು ನಿಲ್ಲದೆ ಹರಿದುಹೋಗುತ್ತದೆ, ಬೇರಿಗೆ ಉಸಿರಾಡಲು ಸಂದು ಸಿಕ್ಕುತ್ತದೆ. ಬರಿಯ ಎರೆಮಣ್ಣು ಹಾಕಿದರೆ ಬೇರು ಕೊಳೆಯುತ್ತದೆ. ತಂತಿಯನ್ನು ಕೆಲವು ತಿಂಗಳೊಳಗೆ ಬಿಚ್ಚಬೇಕು, ಇಲ್ಲವಾದರೆ ಮೆತ್ತಗಿನ ತೊಗಟೆಯಲ್ಲಿ ಗಾಯದ ಗೆರೆ ಉಳಿಯುತ್ತದೆ. ಇನ್ನು ದಿವಾನಖಾನೆಯ ಮೂಲೆಯಲ್ಲಿ, ವಿದ್ಯುದ್ದೀಪದ ಬೆಳಕಿನಲ್ಲಿ, ಅತಿಥಿಗಳಿಗೆ ತೋರಿಸಲೆಂದು ಇಡುವವರಿದ್ದಾರೆ. ಅದು ನಿಜವಾದ ಹಿಂಸೆ. ಆಲವು ಬಿಸಿಲಿನ ಪ್ರಾಣಿ.

ಈಗ ಬಿಳಲಿನ ಮಾತಿಗೆ ಬರೋಣ. ನಿಸರ್ಗದಲ್ಲಿ ಆಲದ ಬಾಳು ಹಲವು ವೇಳೆ ಬಿಳಲಿನಿಂದಲೇ ಆರಂಭವಾಗುತ್ತದೆ. ಹಕ್ಕಿಯೋ ಬಾವಲಿಯೋ ಹಣ್ಣನ್ನು ತಿಂದು ಹಾಕಿದ ಹಿಕ್ಕೆಯಲ್ಲಿ, ಸಾಸಿವೆಗಿಂತ ಸಣ್ಣ ಬೀಜವು ಈಚಲುಮರದ ಮಟ್ಟೆಯ ಸಂದಿನಲ್ಲಿಯೋ ಗುಡಿಯ ಗೋಡೆಯ ಬಿರುಕಿನಲ್ಲಿಯೋ ಬಿದ್ದು ಮೊಳೆಯುತ್ತದೆ. ಅಲ್ಲಿ ಮಣ್ಣೆಲ್ಲಿಯದು? ಎಳೆಯ ಸಸಿಯು ಗಾಳಿಯಲ್ಲಿ ಬೇರನ್ನು ಇಳಿಬಿಟ್ಟು ನೆಲವನ್ನು ಮುಟ್ಟುವ ತನಕ ಅದಕ್ಕೆ ಅರೆಹೊಟ್ಟೆಯೇ. ಮುಟ್ಟಿದ ಮೇಲೆ ಅದರ ಬೆಳವಣಿಗೆಯ ವೇಗವೇ ಬೇರೆ. ಹೀಗೆ ಗಾಳಿಯಲ್ಲಿ ಬೇರು ಬಿಡುವುದು ಅದರ ಹುಟ್ಟುಗುಣ; ನಾವು ಹೊಸದಾಗಿ ಕಲಿಸಬೇಕಾದ್ದು ಏನೂ ಇಲ್ಲ, ಅದಕ್ಕೆ ತಕ್ಕ ಹವೆಯನ್ನು ಒದಗಿಸಬೇಕು.

ಅಲೆಕ್ಸಾಂಡರನ ದಂಡಿನ ಜೊತೆಗೆ ಬಂದವರು ಕಂಡು ಹೇಳಿದ ಸಂಗತಿಗಳನ್ನು ಆಧರಿಸಿ ಗ್ರೀಕ್ ಪಂಡಿತನಾದ ಥಿಯೋಫ್ರಾಸ್ಟಸನು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಈ ಮರವನ್ನು ಕುರಿತು ಬರೆದಿದ್ದಾನೆ. ಬಿಳಲು ಹೊಸ ಚಿಗುರಿನಿಂದ ಬರುವುದಿಲ್ಲ, ಹಿಂದಿನ ವರ್ಷದ ಮತ್ತು ಅದಕ್ಕೂ ಹಳೆಯದಾದ ಕೊಂಬೆಗಳಿಂದ ಬರುತ್ತದೆ ಎಂಬುದನ್ನು ಅವನು ಗುರುತಿಸಿದ್ದಾನೆ. ತಾನು ಕಣ್ಣಾರೆ ಕಾಣದ ಮರದ ವಿಷಯದಲ್ಲಿ ಇಷ್ಟು ಸೂಕ್ಷ್ಮವನ್ನು ಹಿಡಿದ ಪುರುಷನಿಗೆ ನಾವು ಕೈಮುಗಿಯಬೇಕು. ಅದು ಕುಂಡದ ಮರಕ್ಕೂ ಸಲ್ಲುವ ಮಾತು. ಎಷ್ಟೋ ಮಂದಿ ಎರಡು ವರ್ಷದ ಕಡ್ಡಿಯ ಮುಂದೆ ಕುಳಿತು ಬಿಳಲಿಗಾಗಿ ಹಂಬಲಿಸುತ್ತಾರೆ. ಕೊಂಬೆಯು ಬಲಿತು ತೊಗಟೆಯ ಮೇಲೆ ಉಸಿರಾಟದ ಸಣ್ಣ ಗುಳ್ಳೆಗಳು ಎದ್ದು ಕಾಣುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ಮೇಲಿನ ಚಿಗುರುಗಳಲ್ಲಿ ಹುಟ್ಟುವ ಬೆಳವಣಿಗೆಯ ರಸವು ಕೆಳಕ್ಕೆ ಹರಿದು ಬಂದು ತೊಗಟೆಯೊಳಗೆ ಬೇರಿನ ಮೊಳಕೆಯನ್ನು ಎಬ್ಬಿಸುತ್ತದೆ. ಆದ್ದರಿಂದ ಬಿಳಲು ಬೇಕೆಂಬ ವರ್ಷ ಕೊಂಬೆಯ ತುದಿಯನ್ನು ಚಿವುಟದೆ, ಮರದ ಚೆಲುವು ಸ್ವಲ್ಪ ಕೆಟ್ಟರೂ ಕೆಡಲೆಂದು, ಎಲೆಗಳನ್ನು ಯಥೇಷ್ಟವಾಗಿ ಬೆಳೆಯಗೊಡಬೇಕು.

ಎರಡನೆಯ ಅಗತ್ಯ ನೀರಾವಿ ತುಂಬಿದ ಗಾಳಿ. ಒಳಗೆ ಮೊಳಕೆ ಎದ್ದರೂ ಹೊರಗಿನ ಗಾಳಿ ಒಣಗಿದ್ದರೆ ಅದು ತೊಗಟೆಯನ್ನು ಒಡೆದು ಬರುವುದಿಲ್ಲ. ಬಂದರೂ ತುದಿಯು ಕರಿದಾಗಿ ಕಮರುತ್ತದೆ. ನಮ್ಮ ಧಾರವಾಡವು ಮಲೆನಾಡಿನ ಸೆರಗು. ಆಷಾಢ ಶ್ರಾವಣಗಳಲ್ಲಿ ಹಾಸಿಗೆ ಹೊದಿಕೆಗಳು ಕೂಡ ಹಸಿಹಸಿಯಾಗಿರುತ್ತವೆ, ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಮನೆಯ ಹೆಂಗಸರು ಬೈಯುವ ಆ ಹವೆಯೇ ಬಿಳಲಿಗೆ ಅಮೃತ. ೨೦೧೭ರ ಶ್ರಾವಣದಲ್ಲಿ ಬಲಗಡೆಯ ಕೊಂಬೆಯ ಅಡಿಯಿಂದ ನಸುಹಳದಿ ತುದಿಯ ದಾರದಂಥ ಒಂದು ಬೇರು ಇಣುಕಿತು. ಮಹಾನವಮಿಯ ಹೊತ್ತಿಗೆ ಅದು ಎರಡಂಗುಲವಾಯಿತು. ಮಳೆಯು ಹಿಂದೆಗೆದು ಮೂಡಣ ಗಾಳಿ ಬೀಸತೊಡಗಿದ ಮೇಲೆ ಒಂದೇ ವಾರದಲ್ಲಿ ಒಣಗಿ ಕಡ್ಡಿಯಾಯಿತು. ಅತ್ತಿಗೆಯವರು ನೋಡಿದರು, ಏನನ್ನೂ ಅನ್ನಲಿಲ್ಲ.

ಒಣನಾಡಿನಲ್ಲಿರುವ ವಾಚಕರು ಇದಕ್ಕೆ ಮಾಡತಕ್ಕ ಉಪಾಯಗಳುಂಟು. ಮೀನು ಸಾಕುವ ಗಾಜಿನ ಪೆಟ್ಟಿಗೆಯನ್ನು ಬೋರಲಾಗಿ ಕವಿಚಿ, ಕುಂಡದ ಕೆಳಗೆ ನೀರು ತುಂಬಿದ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ಹರಡಿದರೆ ಒಳಗೆ ಬಾರಾ ತಿಂಗಳೂ ಶ್ರಾವಣ. ಆದರೆ ನೇರ ಬಿಸಿಲಿನಲ್ಲಿಟ್ಟರೆ ಮರವು ಬೆಂದುಹೋಗುತ್ತದೆ. ಬಿಳಲು ಬೇಕಾದ ಎಡೆಗೆ ಗೋಡೆಯ ಮೇಲಿನ ಹಸಿ ಹಾವಸೆಯನ್ನು ಕಟ್ಟಿ ತೇವವಾಗಿ ಇಡುವುದು ಇನ್ನೊಂದು. ಅದನ್ನು ಕಟ್ಟುವ ಮೊದಲು ಕೊಂಬೆಯ ಅಡಿಯ ತೊಗಟೆಯನ್ನು ಚೂರಿಯ ಮೊನೆಯಿಂದ ಒಂದು ಗೆರೆ ಗೀರಿದರೆ, ಕೆಳಗಿಳಿಯುವ ರಸವು ಅಲ್ಲಿ ತಡೆದು ನಿಂತು, ಗಾಯದ ಮೇಲಂಚಿನಲ್ಲಿ ಬೇರಿನ ಮೊಳಕೆ ಎದ್ದೀತು.

ಹೊರಟ ಬಿಳಲನ್ನು ನೆಲ ಮುಟ್ಟಿಸುವುದು ಇದಕ್ಕಿಂತ ಕಷ್ಟದ ಕೆಲಸ. ಮುಂದಿನ ವರ್ಷ ಅದೇ ಕೊಂಬೆಯಿಂದ ಮತ್ತೆರಡು ಬೇರು ಬಂದಾಗ ನಾವು ಸೋಡಾ ಕುಡಿಯುವ ಕೊಳವೆಯನ್ನು ಉದ್ದಕ್ಕೆ ಸೀಳಿ, ಒಳಗೆ ಹಾವಸೆಯನ್ನು ತುಂಬಿ, ಬಿಳಲನ್ನು ಅದರೊಳಗೆ ಸೇರಿಸಿ, ಕೊಳವೆಯ ಕೆಳತುದಿಯನ್ನು ಮಣ್ಣಿಗೆ ಊರಿದೆವು. ದಿನಕ್ಕೆ ಮೂರು ಸಲ ಪಿಚಕಾರಿಯಿಂದ ನೀರು. ಬೇರಿನ ತುದಿಯನ್ನು ಎಂದಿಗೂ ಬೆರಳಿನಿಂದ ಮುಟ್ಟತಕ್ಕದ್ದಲ್ಲ. ಅದು ಮೊಸರಿನ ಕೆನೆಯಷ್ಟು ಮೆತ್ತಗಿರುತ್ತದೆ. ‘ತಾನೇ ಆಗಿ’ ಎಂಬ ಕರಾರಿಗೆ ಈ ಕೊಳವೆಯು ಭಂಗವೋ ಅಲ್ಲವೋ ಎಂಬ ಧರ್ಮಸೂಕ್ಷ್ಮವು ಆಗ ತಲೆದೋರಿತು. ಅತ್ತಿಗೆಯವರು ಯೋಚಿಸಿ, “ಸೂಲಗಿತ್ತಿ ಕೈ ಹಿಡಿದ್ರ ಕೂಸು ಸೂಲಗಿತ್ತಿದಾಗ್ತದೇನು?” ಎಂದು ಕೊಳವೆಯನ್ನು ಮನ್ನಿಸಿದರು.

ಬೇರೊಂದು ಹತ್ತಿರದ ದಾರಿಯನ್ನು ಮಾತ್ರ ಅವರು ಒಪ್ಪುತ್ತಿರಲಿಲ್ಲ. ನಮಗೂ ಅದು ರುಚಿಸದು. ಅದೇ ಮರದ ಉದ್ದವಾದ ಎಳೆಯ ಬೇರನ್ನೋ ಬೇರೆ ಕುಂಡದ ಎಳೆಯ ಸಸಿಯನ್ನೋ ತಂದು, ಕೊಂಬೆಗೆ ರಂಧ್ರ ಕೊರೆದು, ಅದರೊಳಗೆ ಸೇರಿಸಿ ಕಸಿ ಮಾಡಿದರೆ ಒಂದೆರಡು ಮಳೆಗಾಲದಲ್ಲಿ ಕೂಡಿಕೊಂಡು ಬಿಳಲಿನಂತೆಯೇ ಕಾಣುತ್ತದೆ. ಸ್ಪರ್ಧೆಗಳಲ್ಲಿ ಬಹುಮಾನ ಪಡೆಯುವ ಹಲವು ಮರಗಳ ಬಿಳಲುಗಳು ಇಂಥವು. ನಿಷಿದ್ಧವೆಂದು ನಾವು ಹೇಳುವುದಿಲ್ಲ. ಕಟ್ಟಿಸಿಕೊಂಡ ಹಲ್ಲಿನಿಂದಲೂ ಅಗಿಯಬಹುದಷ್ಟೆ.

೨೦೧೯ರ ಆಗಸ್ಟಿನ ಮಳೆಯನ್ನು ನಮ್ಮ ಸೀಮೆಯವರು ಮರೆಯುವಂತಿಲ್ಲ. ಹೊಳೆಗಳು ಉಕ್ಕಿ ಊರಿಗೆ ಊರೇ ಮುಳುಗಿದವು. ಎಷ್ಟೋ ಮನೆಗಳ ಗೋಡೆ ಕುಸಿದವು. ಒಂದು ವಾರ ಸೂರ್ಯನ ಮುಖ ಕಾಣಲಿಲ್ಲ. ಅಂಥ ದಿನಗಳಲ್ಲಿ ಕುಂಡದ ಮರವನ್ನು ನೆನೆಯುವವರಾರು? ಹೊಳವಾದ ಮೇಲೆ ಮಾಳಿಗೆ ಹತ್ತಿ ನೋಡಿದರೆ ಹಿಂದಿನ ವರ್ಷ ಅರ್ಧದಲ್ಲಿ ನಿಂತಿದ್ದ ಎರಡು ಬಿಳಲುಗಳಲ್ಲಿ ಒಂದು ಕೊಳವೆಯನ್ನು ದಾಟಿ ಮಣ್ಣಿನೊಳಗೆ ಹೊಕ್ಕಿತ್ತು. ಕೊಳವೆಯಿಲ್ಲದ ಎಡಗಡೆಯ ಕೊಂಬೆಯಿಂದ ಹೊಸದೊಂದು ಬೇರು, ಯಾರ ಸಹಾಯವೂ ಇಲ್ಲದೆ, ನಾಲ್ಕಂಗುಲ ಇಳಿದಿತ್ತು. ಅದು ಮೂರು ವಾರದಲ್ಲಿ ನೆಲ ಮುಟ್ಟಿತು.

ಮಣ್ಣು ಸೇರಿದ ಮೇಲೆ ನಡೆಯುವುದು ನೋಡತಕ್ಕ ಸಂಗತಿ. ಅಲ್ಲಿಯವರೆಗೆ ಗಾಳಿಗೆ ತೂಗಾಡುತ್ತಿದ್ದ ಬಿಳಲು ಕೆಲವು ವಾರಗಳಲ್ಲಿ ವೀಣೆಯ ತಂತಿಯಂತೆ ಬಿಗಿಯುತ್ತದೆ. ಇದು ನಮ್ಮ ಭ್ರಮೆಯಲ್ಲ. ಆಲದ ಬಳಗದ ಫೈಕಸ್ ಬೆಂಜಮಿನಾ ಎಂಬ ಮರದ ಬಿಳಲುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ೧೯೬೮ರಲ್ಲಿ ಇದನ್ನು ವಿವರಿಸಿದ್ದಾರೆ. ನೆಲಕ್ಕೆ ಬೇರೂರಿದ ತರುವಾಯ ಬಿಳಲಿನೊಳಗೆ ಸೆಳೆತದ ಗುಣವುಳ್ಳ ಒಂದು ಬಗೆಯ ಕಟ್ಟಿಗೆ ಹುಟ್ಟಿ, ಬಿಳಲು ಕುಗ್ಗಿ, ನೇರವಾಗಿ ಎಳೆದು ನಿಲ್ಲುತ್ತದೆ. ಬಳಿಕ ಅದು ದಪ್ಪವಾಗತೊಡಗುತ್ತದೆ. ವರ್ಷಗಳು ಕಳೆದಂತೆ ಕಂಬವಾಗುತ್ತದೆ. ಆದ್ದರಿಂದ ಬಿಳಲನ್ನು ಓರೆಯಾಗಿಯೋ ಡೊಂಕಾಗಿಯೋ ಇಳಿಸಬೇಕೆನ್ನುವವರು ಮುಟ್ಟುವ ಮೊದಲೇ ಅದನ್ನು ನಿರ್ಧರಿಸಬೇಕು. ಹಾಗೆಯೇ ಬಂದುದನ್ನೆಲ್ಲ ಉಳಿಸಿಕೊಂಡರೆ ಕುಂಡವು ಕಸಬರಿಗೆಯಂತೆ ಕಾಣುತ್ತದೆ. ಪುಟ್ಟ ಮರಕ್ಕೆ ಮೂರೋ ನಾಲ್ಕೋ ಸಾಕು. ಕೊಂಬೆಯ ತುದಿಯಲ್ಲಿ ಒಂದು ದಪ್ಪ ಬಿಳಲು ನಿಂತಿತೆಂದರೆ ಬುಡದ ಕಡೆಯ ಕೊಂಬೆ ತೆಳುವಾಗಿಯೇ ಉಳಿದು ತುದಿಯ ಕಡೆ ದಪ್ಪವಾಗುವ ಅಪಾಯವಿದೆ. ಆದ್ದರಿಂದ ಬುಡಕ್ಕೆ ಹತ್ತಿರದವನ್ನು ಉಳಿಸಿ, ತುದಿಯವನ್ನು ಸವರುವುದು ಲೇಸು.

ಬಯಲಿನ ಆಲವು ಈ ಕಂಬಗಳ ಮೇಲೆಯೇ ಶತಮಾನಗಳನ್ನು ಹೊರುತ್ತದೆ. ಕೋಲ್ಕತ್ತಾದ ಬಳಿ ಶಿಬಪುರದ ಸಸ್ಯೋದ್ಯಾನದಲ್ಲಿರುವ ಮಹಾವಟದ ಮೂಲಕಾಂಡವು ಬಿರುಗಾಳಿಗಳಿಗೆ ಸಿಕ್ಕು, ಬೂಷ್ಟು ಹಿಡಿದು ಕೆಟ್ಟುದರಿಂದ ೧೯೨೫ರಲ್ಲಿ ಅದನ್ನು ಕತ್ತರಿಸಿ ತೆಗೆದರು. ಮರವು ಮೂರು ಸಾವಿರಕ್ಕೂ ಹೆಚ್ಚು ಬಿಳಲುಗಳ ಮೇಲೆ ಇಂದಿಗೂ ಹರಡುತ್ತಿದೆ. ಬೆಂಗಳೂರಿನ ಹತ್ತಿರದ ದೊಡ್ಡಾಲದ ಮರದಲ್ಲಿಯೂ ನಡುಬುಡ ನಶಿಸಿಹೋಗಿ ಬಿಳಲುಗಳೇ ಮೂರು ಎಕರೆಯಷ್ಟು ನೆರಳನ್ನು ಎತ್ತಿ ಹಿಡಿದಿವೆ. ಯಾವುದು ಮೂಲ, ಯಾವುದು ಬಿಳಲು ಎಂದು ಅಲ್ಲಿಗೆ ಹೋದವರಿಗೆ ತೋರಿಸಲು ಬಾರದು. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳುವವರ ಗಾದೆ ನಮ್ಮಲ್ಲಿದೆಯಷ್ಟೆ. ಮೊಳದುದ್ದದ ಮರವನ್ನು ಬಿಟ್ಟುಹೋಗುವ ನಮ್ಮ ಮಕ್ಕಳಿಗೆ ಆ ಅನುಕೂಲವೂ ಇರುವುದಿಲ್ಲ.

೨೦೨೦ರ ಕಾರಹುಣ್ಣಿಮೆಯ ಹೊತ್ತಿಗೆ ಕೊರೋನಾ ರೋಗದ ಭಯದಿಂದ ಹೊರಗೆ ಗುಂಪುಗೂಡುವಂತಿರಲಿಲ್ಲ. ಅತ್ತಿಗೆಯವರು ಬೆಳಿಗ್ಗೆ ಮಡಿಯುಟ್ಟು ಮಾಳಿಗೆ ಹತ್ತಿ, ಎರಡು ಬಿಳಲುಗಳನ್ನೂ ಬಗ್ಗಿ ನೋಡಿ, ಎಡಗಡೆಯದಕ್ಕೆ ಅರಿಸಿನ ಕುಂಕುಮವನ್ನು ಏರಿಸಿದರು. ಪ್ರದಕ್ಷಿಣೆಗೆ ಎಡೆಯಿರಲೆಂದು ಕುಂಡವನ್ನು ಮಾಳಿಗೆಯ ನಡುವಿಗೆ ಸರಿಸಿದೆವು. ನೂಲನ್ನು ಮರುದಿನವೇ ಬಿಚ್ಚಬೇಕೆಂಬ ನಮ್ಮ ಬಿನ್ನಹಕ್ಕೆ ಮೊದಲು ಮುಖ ಗಂಟಿಕ್ಕಿದರೂ, ತಂತಿಯಂತೆಯೇ ನೂಲೂ ತೊಗಟೆಗೆ ಇಳಿಯುತ್ತದೆಂಬುದನ್ನು ತೋರಿಸಿದ ಮೇಲೆ ತಾವೇ ಬಿಚ್ಚಿದರು. ಅಂದಿನಿಂದ ನೀರಿನ ಕೆಲಸವು ನಮ್ಮ ಕೈಯಿಂದ ಹೋಗಿದೆ. ಬೇಸಗೆಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. “ಕೂಸಿನ ಗತೆ ಅದ. ಒಂದು ದಿನಾ ಬಿಟ್ರ ಮಾರಿ ಸಣ್ಣ ಮಾಡ್ತದ” ಎನ್ನುತ್ತಾರೆ. ಮದುವೆ ಮುಂಜಿವೆಗಳಿಗೆ ಪರಊರಿಗೆ ಹೋದರೆ ಎರಡನೆಯ ದಿನಕ್ಕೆ ಅವರಿಗೆ ಮನೆಯ ಚಿಂತೆ ಹತ್ತುತ್ತದೆ. ಇಂಥ ಮರವನ್ನು ಬೆಳೆಸಬೇಕೆನ್ನುವ ಗೃಹಸ್ಥರು ಗೊಬ್ಬರ ತಂತಿಗಳಿಗಿಂತ ಮೊದಲು, ತಾವಿಲ್ಲದ ದಿನ ನೀರು ಹಾಕುವವರಾರು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ವೈಶಾಖದ ಬಿಸಿಲಿನಲ್ಲಿ ತಗ್ಗು ಕುಂಡವು ಎರಡು ದಿನ ಒಣಗಿದರೆ ಎಂಟು ವರ್ಷದ ಬಿಳಲು ಕೂಡ ಉಳಿಯುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಮೃಗಶಿರೆಯ ಮಳೆ ಹಿಡಿದ ಕೂಡಲೆ ಮರವನ್ನು ಕುಂಡದಿಂದ ಎತ್ತಿ, ಸುತ್ತಿಕೊಂಡ ಬೇರುಗಳಲ್ಲಿ ಮೂರರಲ್ಲೊಂದು ಪಾಲನ್ನು ಕತ್ತರಿಸಿ, ಹೊಸ ಮಣ್ಣನ್ನು ಕೊಡಬೇಕು. ಬಿಳಲಿನಿಂದಾದ ಬೇರುಗಳನ್ನು ಮಾತ್ರ ಮೊದಲ ಸಲ ಮುಟ್ಟದಿರುವುದು ಕ್ಷೇಮ. ಆ ಹೊತ್ತಿಗೆ ಕೊಂಬೆಗಳನ್ನೂ ಸವರುವುದರಿಂದ ಕೈತುಂಬ ಕಡ್ಡಿಗಳು ಉಳಿಯುತ್ತವೆ. ಅವನ್ನು ಎಸೆಯಲು ಮನಸ್ಸು ಬರುವುದಿಲ್ಲ. ಮೊದಮೊದಲು ಓಣಿಯ ಮನೆಗಳಿಗೆ ಹಂಚಿದೆವು. ಆ ಮರದ ಬುಡದಲ್ಲಿ ನೂಲು ಸುತ್ತಿದ್ದ ಮೂವರು ಮುತ್ತೈದೆಯರ ಮನೆಗಳಲ್ಲಿ ಅದೇ ಮರವು ಈಗ ಮೂರು ಕುಂಡಗಳಲ್ಲಿದೆ. ೨೦೨೨ರಲ್ಲಿ ಬೇರುಬಿಟ್ಟ ಒಂದು ಕಡ್ಡಿಯನ್ನು ಹತ್ತಿರದ ಹಳ್ಳಿಯ ಹಿರಿಯರನ್ನು ಕೇಳಿ ಅವರ ಕೆರೆಯ ಏರಿಯ ಕೆಳಗೆ ನೆಲಕ್ಕೇ ನೆಟ್ಟೆವು. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರೂ ಅವರ ಪತಿಯೂ ಕುದೂರಿನ ದಾರಿಯ ಆಲಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತುದನ್ನು ನಾಡೆಲ್ಲ ಬಲ್ಲದು. ಒಂದೇ ಗಿಡಕ್ಕೆ ಎರಡು ಬೇಸಗೆ ನೀರು ಒದಗಿಸುವುದೇ ನಮಗೆ ಸಾಕುಸಾಕಾಯಿತು. ಈಗ ಅದು ಆಳೆತ್ತರವನ್ನು ಮೀರಿದೆ. ಬಿಳಲಿಗೆ ಇನ್ನೂ ಬಹಳ ಕಾಲ ಬೇಕು. ಎಮ್ಮೆಗಳು ಮುಳ್ಳುಬೇಲಿಗೆ ಮೈ ತಿಕ್ಕಿ ತಿಕ್ಕಿ ಒಂದು ಮಗ್ಗುಲನ್ನು ಒರಗಿಸಿವೆ. ಬರುವ ಮಳೆಗಾಲಕ್ಕೆ ಮುನ್ನ ಬೇಲಿಯನ್ನು ಗಟ್ಟಿಮಾಡಿ ಎರಡು ಮೊಳ ಹೊರಗೆ ಸರಿಸಬೇಕಾಗಿದೆ. ಜಾಲಿಯ ಮುಳ್ಳನ್ನು ತಂದುಕೊಡುತ್ತೇನೆಂದು ಆ ಹಳ್ಳಿಯ ದನಗಾಹಿ ಹುಡುಗನೊಬ್ಬನು ಒಪ್ಪಿಕೊಂಡಿದ್ದಾನೆ.